ಪುಟ್ಟತಾಯಮ್ಮ ಸಿಸ್ಟರ್ ಹೆಬ್ಬೆಟ್ಟು

ಪುಟ್ಟತಾಯಮ್ಮ ಸಿಸ್ಟರ್ ಮನುಷ್ಯರನ್ನು ಮುಖ ನೋಡಿ ಗುರುತು ಹಿಡಿಯುತ್ತಿರಲಿಲ್ಲ, ತೋಳು ಮುಟ್ಟಿ ಗುರುತು ಹಿಡಿಯುತ್ತಿದ್ದರು. ಎದುರಿಗೆ ನಿಲ್ಲಿಸಿ, ರವಿಕೆಯ ತೋಳು ಮೇಲೆ ಸರಿಸಿ, ಕಣ್ಣು ಮುಚ್ಚಿಕೊಂಡು, ಮೈಲಿ ಹಾಕಿಸಿದ ಕಲೆಯ ಮೇಲೆ ಹೆಬ್ಬೆಟ್ಟು ಆಡಿಸುವರು. ಸಿಡುಬಿಗೆ ನಮ್ಮ ಕಡೆ ಮೈಲಿ ಎನ್ನುತ್ತಿದ್ದರು. ಅದರ ಲಸಿಕೆಗೂ ಮೈಲಿ ಹಾಕಿಸುವುದು ಎಂದೇ ಹೆಸರು. ಆ ಕಲೆ ಕೈಗೆ ಸಿಕ್ಕದೆ ಯಾವ ಹುಡುಗಿಯೂ ವಾರ್ಡಿನ ಹೊಸಿಲು ದಾಟುವ ಹಾಗಿರಲಿಲ್ಲ. "ಕಣ್ಣು ಮೋಸ ಹೋಗುತ್ತೆ ಕಣ್ರೇ, ಹೆಬ್ಬೆಟ್ಟು ಹೋಗಲ್ಲ" ಎಂದು ದಿನಕ್ಕೆ ನಾಲ್ಕು ಸಲವಾದರೂ ಹೇಳುವರು.

ಅರವತ್ತರ ದಶಕದ ಕೊನೆಯ ಮಾತು. ದೊಡ್ಡಬಳ್ಳಾಪುರ ಸೀಮೆಯ ಒಂದು ಆಸ್ಪತ್ರೆಯಲ್ಲಿ ನಾವು ಹನ್ನೊಂದು ಹುಡುಗಿಯರು ದಾದಿ ತರಬೇತಿಗೆ ಸೇರಿದ್ದೆವು. ನಮಗೆ ಪಾಠ ಹೇಳುವವರು, ಬೈಯುವವರು, ಉಂಡಿರಾ ಎಂದು ಕೇಳುವವರು ಎಲ್ಲ ಅವರೊಬ್ಬರೇ. ಮೈಲಿ ಹಾಕುವುದು ಹೇಗೆಂದು ಹೊಸಬರಿಗೆ ಕಲಿಸುವಾಗಲೆಲ್ಲ ಮೊದಲು ತಮ್ಮ ತೋಳಿಗೇ ಹಾಕಿಕೊಂಡು ತೋರಿಸುವರು. ಹಾಗಾಗಿ ಅವರ ಎಡತೋಳು ಉಳಿ ಹೊಡೆಸಿದ ಬೀಸುವ ಕಲ್ಲಿನ ಹಾಗೆ ಗುಳಿಗುಳಿಯಾಗಿತ್ತು. ಮೈಲಿ ಹಾಕಿಸಿಕೊಳ್ಳಲು ಬಂದು ಸೂಜಿಗೆ ಹೆದರಿ ಅತ್ತ ಮಕ್ಕಳಿಗೆ ಒಂದು ಹಿಡಿ ಹುರಿಗಡಲೆ ಕೊಡುವರು.

ಬೆಂಗಳೂರಿನಿಂದ ಹೊಸದಾಗಿ ಬಂದ ಡಾಕ್ಟರನ್ನೂ ಬಿಡಲಿಲ್ಲ. "ಸಿಸ್ಟರ್, ನಾನು ಡಾಕ್ಟ್ರಿಕೆ ಓದಿದೋನು" ಎಂದು ಅವರು ರೇಗಿದರು. ಆಗೆಲ್ಲ ಮೈಲಿ ಎದ್ದರೆ ಅಮ್ಮ ಬಂದಳು ಎಂದು ಜನ ಕೈಮುಗಿಯುತ್ತಿದ್ದ ಕಾಲ. "ಓದಿರ್ಬೋದು ಡಾಕ್ಟ್ರೇ, ಆದ್ರೆ ಅಮ್ಮನಿಗೆ ಸರ್ಟಿಫಿಕೇಟ್ ಓದಕ್ಕೆ ಬರಲ್ವಲ್ಲ. ತೋಳು ತೋರ್ಸಿ" ಎಂದರು ಸಿಸ್ಟರ್. ಪಾಪ, ಡಾಕ್ಟರು ಕೋಟು ಬಿಚ್ಚಿ ಅಂಗಿ ಮಡಚಿದರು. ನಾವು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆವು.

ನಗುವಾಗಲೂ ನನ್ನ ಇನ್ನೊಂದು ಕೈ ರವಿಕೆಯ ತೋಳನ್ನು ಕೆಳಗೆ ಎಳೆಯುತ್ತಿತ್ತು. ಯಾಕೆಂದರೆ ನನ್ನ ತೋಳಿನ ಕಲೆ ಸುಳ್ಳು.

ನಮ್ಮೂರು ಮಾಕಳಿದುರ್ಗದ ಬೆಟ್ಟದ ಕೆಳಗೆ. ನಾನು ಹುಟ್ಟುವ ಮೊದಲೇ ನಮ್ಮಣ್ಣ, ಮೈಲಿ ಹಾಕಿಸಿದ ವಾರದಲ್ಲಿ ಜ್ವರ ಬಂದು ತೀರಿಕೊಂಡಿದ್ದನಂತೆ. ಅದಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ, ಇನ್ನು ನನ್ನ ಮಕ್ಕಳ ಮೈಗೆ ಸೂಜಿ ಮುಟ್ಟಿಸಲ್ಲ ಎಂದು ಅವ್ವ ಮಾರಮ್ಮನ ಮುಂದೆ ಆಣೆ ಇಟ್ಟುಬಿಟ್ಟಿದ್ದಳು. ಅಪ್ಪ ಇಲ್ಲದ ಮನೆ, ಸಿಕ್ಕ ಸೀಟು ಬಿಡುವ ಹಾಗಿಲ್ಲ. ಕಲೆ ಇಲ್ಲದವರನ್ನು ಸೇರಿಸುವುದಿಲ್ಲ ಎಂದು ಕಾಗದದಲ್ಲೇ ಬರೆದಿತ್ತು. ಅವ್ವ ಉಪಾಯ ಹುಡುಕಿದಳು. ಬಟ್ಟೆಗೆ ಗುರುತು ಹಾಕುವ ಕರಿಗೇರಿನ ಬೀಜವನ್ನು ದಬ್ಬಳಕ್ಕೆ ಚುಚ್ಚಿ ದೀಪಕ್ಕೆ ಹಿಡಿದು, ಜಿನುಗಿದ ಎಣ್ಣೆಯನ್ನು ನನ್ನ ತೋಳಿಗೆ ಒತ್ತಿದಳು. ಸುಟ್ಟು, ಹುಣ್ಣಾಗಿ, ಮಾಗಿ, ಕಲೆ ನಿಂತಿತು. ಮೈಲಿ ಕಲೆ ಗುಳಿ ಬೀಳುತ್ತದೆ, ಗೇರಿನ ಕಲೆ ಉಬ್ಬುತ್ತದೆ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಸೇರುವ ದಿನ ಸಿಸ್ಟರ್ ಹೆಬ್ಬೆಟ್ಟು ಅಲ್ಲಿ ಬಹಳ ಹೊತ್ತು ನಿಂತಿತು. "ಇದ್ಯಾಕೇ ಗೌರಿ, ಹಿಂಗೆ ಉಬ್ಕೊಂಡಿದೆ?"

"ಚಿಕ್ಕೋಳಿದ್ದಾಗ ಕೆರ್ಕೊಂಡ್ಬಿಟ್ಟಿದ್ದೆ ಸಿಸ್ಟರ್" ಎಂದೆ.

ಬಾಗಿಲ ಹತ್ತಿರ ಅವ್ವ ನನ್ನ ತಗಡಿನ ಟ್ರಂಕು ತಬ್ಬಿಕೊಂಡು ನಿಂತಿದ್ದಳು. ಸಿಸ್ಟರ್ ಕಣ್ಣು ಬಿಟ್ಟು ಅವಳನ್ನು ನೋಡಿದರು, ನನ್ನನ್ನು ನೋಡಿದರು. ರಿಜಿಸ್ಟರಿನಲ್ಲಿ "ಕಲೆ ಇದೆ" ಎಂದು ಬರೆದರು.

ಆ ಬೇಸಿಗೆಯಲ್ಲಿ ಮೈಲಿ ಎದ್ದಿತು. ಆಸ್ಪತ್ರೆಯ ಹಿಂದೆ ತಗಡಿನ ಶೆಡ್ಡು ಹಾಕಿ ರೋಗಿಗಳನ್ನು ಅಲ್ಲಿಟ್ಟರು. ನಾವು ಸರದಿಯ ಮೇಲೆ ಒಳಗೆ ಹೋಗಬೇಕು. ಬಾಯಿ ಬಿಟ್ಟಿದ್ದರೆ ಸೀಟು ಹೋಗುತ್ತಿತ್ತು, ನಾನು ಬಿಡಲಿಲ್ಲ. ಎರಡು ದಿನ ರೋಗಿಗಳಿಗೆ ಗಂಜಿ ಕುಡಿಸಿ ಬಂದೆ. ಆಮೇಲೆ ನನ್ನನ್ನು ಹೆರಿಗೆ ವಾರ್ಡಿಗೆ ಹಾಕಿದರು. ಅಲ್ಲಿಗೆ ಕಳಿಸುವಾಗ ಸಿಸ್ಟರ್ ನಮಗೆಲ್ಲ ಹೇಳಿದ್ದರು: "ಈ ಕಲೆ ನಿಮ್ಮನ್ನ ಕಾಯಕ್ಕೆ ಮಾತ್ರ ಅಂದ್ಕೋಬೇಡ್ರೇ. ಮಂಚದ ಮೇಲಿರೋಳ್ನ ಕಾಯಕ್ಕೆ, ಅವಳ ಮಗ್ಗುಲಲ್ಲಿರೋ ಕೂಸನ್ನ ಕಾಯಕ್ಕೆ."

ಶೆಡ್ಡಿಗೆ ಹೋಗಿಬಂದ ಹನ್ನೆರಡನೆಯ ದಿನ ನನಗೆ ಜ್ವರ ಬಂತು. ಜ್ವರ ಎಂದರೆ ತೋಳು ನೋಡುತ್ತಾರೆ ಎಂದು ಹೆದರಿ ಹೇಳಲಿಲ್ಲ. ಮಾರನೆಯ ದಿನವೂ ಡ್ಯೂಟಿ ಮಾಡಿದೆ. ಅವತ್ತು ರಾಜಘಟ್ಟದ ಕಡೆಯ ಬಾಣಂತಿಯೊಬ್ಬಳು ಮನೆಗೆ ಹೊರಟಿದ್ದಳು. ಗಾಡಿ ಹತ್ತುವಾಗ "ಒಸಿ ಹಿಡ್ಕೊಳಕ್ಕಾ" ಎಂದು ಹೆಣ್ಣುಕೂಸನ್ನು ನನ್ನ ಕೈಗೆ ಕೊಟ್ಟಳು. ನನ್ನ ಮೈ ಕೆಂಡವಾಗಿತ್ತು. ಆ ಬಿಸಿಗೆ ಹಿತವಾಯಿತೋ ಏನೋ, ಕೂಸು ನನ್ನ ಕತ್ತಿಗೆ ಕೆನ್ನೆ ಒತ್ತಿಕೊಂಡು ನಿದ್ದೆ ಹೋಯಿತು.

ಬೆಳಿಗ್ಗೆ ಹಣೆಯ ಮೇಲೆ ಗುಳ್ಳೆ ಕಂಡವು. ಸಿಸ್ಟರ್ ಬಂದವರೇ ನನ್ನ ತೋಳು ಹಿಡಿದರು. "ಗೇರು" ಎಂದರು. ನನ್ನನ್ನು ಬೈಯಲಿಲ್ಲ. "ಅವತ್ತೇ ಹೆಬ್ಬೆಟ್ಟು ಹೇಳ್ತು. ನಿಮ್ಮವ್ವನ ಮುಖ ನೋಡಿ ಸುಮ್ನಾದೆ. ಥೂ, ನನ್ನ ಜನ್ಮಕ್ಕಿಷ್ಟು."

ನನ್ನನ್ನು ಶೆಡ್ಡಿಗೆ ಸೇರಿಸಿ ಪಕ್ಕದಲ್ಲೇ ಕೂತರು. "ಜ್ವರ ಬಂದ್ಮೇಲೆ ಯಾರ್ಯಾರ್ನ ಮುಟ್ಟಿದೆ, ಒಬ್ಬರನ್ನೂ ಬಿಡ್ದೆ ಹೇಳು. ಈಗ್ಲೇ ಮೈಲಿ ಹಾಕಿದ್ರೆ ಉಳೀತಾರೆ."

ಬೆರಳು ಮಡಚುತ್ತ ಹೇಳಿದೆ. ಐದು ಹೆಸರಾಯಿತು. ಆರನೆಯದು ನಾಲಗೆಯ ತುದಿಗೆ ಬಂತು. ಜ್ವರದ ಮೈಯಲ್ಲಿ ಎಳೆಗೂಸನ್ನು ಎತ್ತಿಕೊಂಡೆ ಎಂದು ಹೇಗೆ ಹೇಳಲಿ? ಹೆದರಿಕೆ, ಅದಕ್ಕಿಂತ ನಾಚಿಕೆ.

"ಅಷ್ಟೇನಾ?" ಎಂದರು.

"ಅಷ್ಟೇ ಸಿಸ್ಟರ್."

ಆ ಐವರಿಗೂ ಅವತ್ತೇ ಮೈಲಿ ಹಾಕಿದರು, ಐವರೂ ಉಳಿದರು. ನಾನೂ ಉಳಿದೆ, ಮುಖದ ತುಂಬ ಗುಳಿ ಹೊತ್ತುಕೊಂಡು. ಮೂರನೆಯ ವಾರ ರಾಜಘಟ್ಟದ ಕಡೆಯಿಂದ ಸುದ್ದಿ ಬಂತು. ಮೈಲಿ ಎದ್ದು ಕೂಸು ಹೋಗಿತ್ತು. ವಿಚಾರಣೆಗೆ ಬಂದವರಿಗೆ ಸಿಸ್ಟರ್, ಕಲೆ ಪರೀಕ್ಷೆ ಮಾಡಿದ್ದು ನಾನು, ತಪ್ಪು ನನ್ನದು ಎಂದು ಬರೆದುಕೊಟ್ಟರು. ಅವರಿಗೆ ವರ್ಗವಾಯಿತು, ನನ್ನ ಸೀಟು ಉಳಿಯಿತು. ಹೊರಡುವಾಗ "ಚೆನ್ನಾಗಿ ಕಲಿ. ಯಾರ ಮುಖಾನೂ ನೋಡ್ಬೇಡ, ತೋಳು ನೋಡು" ಎಂದು ನನ್ನ ಕೈಗೆ ಹುರಿಗಡಲೆ ಸುರಿದರು. ನಾನು ಅದನ್ನು ತಿನ್ನಲಾರದೆ ಹೋದೆ.

ಹತ್ತು ವರ್ಷ ಅವರ ಮುಖ ನೋಡುವ ಧೈರ್ಯ ಬರಲಿಲ್ಲ. ಕೆಲಸದಿಂದ ನಿವೃತ್ತರಾಗಿ ತ್ಯಾಮಗೊಂಡ್ಲಿನಲ್ಲಿ ತಂಗಿಯ ಮನೆಯಲ್ಲಿದ್ದಾರೆ ಎಂದು ತಿಳಿದು, ಕೊನೆಗೊಂದು ಭಾನುವಾರ ಹೋದೆ. ಅಷ್ಟರಲ್ಲಿ ಮೈಲಿ ದೇಶ ಬಿಟ್ಟೇ ಹೋಗಿತ್ತು. ಅದೇ ನಮ್ಮ ಕಡೆಯ ಭೇಟಿ. ಮುಂದಿನ ದೀಪಾವಳಿಯ ಹೊತ್ತಿಗೆ ಅವರಿರಲಿಲ್ಲ.

ಕಣ್ಣಿಗೆ ಪೊರೆ ಬಂದಿತ್ತು. "ಯಾರಮ್ಮಾ?" ಎಂದರು. ನಾನು ಪಕ್ಕದಲ್ಲಿ ಕೂತು ತೋಳು ಕೊಟ್ಟೆ. ಹೆಬ್ಬೆಟ್ಟು ಆಡಿತು, ನಿಂತಿತು.

"ಗೌರಿ" ಎಂದರು. ಮುಖ ಅರಳಿತು. ಮರುಗಳಿಗೆಯೇ ಬಾಡಿತು. "ಈ ಉಬ್ಬು ನಿಂದಲ್ಲ ಕಣೇ, ನಂದು. ಗೊತ್ತಿದ್ದೂ ಬಿಟ್ಟೋಳು ನಾನು. ಆ ಕೂಸು ದಿನಾ ನೆನಪಾಗುತ್ತೆ."

ನನಗೆ ತಡೆಯಲಾಗಲಿಲ್ಲ. "ಇಲ್ಲ ಸಿಸ್ಟರ್. ಆ ಕೂಸನ್ನ ನಾನು ಎತ್ಕೊಂಡಿದ್ದೆ. ನೀವು ಕೇಳ್ದಾಗ ಅದೊಂದನ್ನ ಹೇಳ್ಲಿಲ್ಲ."

ಏನಾದರೂ ಸಮಾಧಾನ ಹೇಳಿಯಾರು ಎಂದು ನಾಚಿಕೆಗೆಟ್ಟವಳ ಹಾಗೆ ಕಾದೆ. ಅವರ ಹೆಬ್ಬೆಟ್ಟು ನನ್ನ ಕಲೆಯ ಮೇಲೇ ಇತ್ತು.

"ಹೇಳಿದ್ರೆ ಅವತ್ತೇ ನಡ್ಕೊಂಡಾದ್ರೂ ಹೋಗಿ ಮೈಲಿ ಹಾಕ್ಬರ್ತಿದ್ದೆ ಕಣೇ" ಎಂದರು. "ಆ ಕೂಸಿಗೀಗ ಹತ್ತು ವರ್ಷ ಆಗಿರ್ತಿತ್ತು."