ದೇರಣ್ಣ ಬರೆಸಿದ ಊರು

ಮನೆಗೆ ಬಂದವರು ಏನು ಕೇಳಿದರೂ ನಮ್ಮ ದೇರಣ್ಣನ ಬಾಯಲ್ಲಿ ‘ಇಲ್ಲ’ ಬರುವುದಿಲ್ಲ. ಏಣಿ ಉಂಟಾ ಎಂದರೆ, ಉಂಟು. ಕೇಳಿದವರನ್ನು ಜಗಲಿಯಲ್ಲಿ ಕೂರಿಸಿ, ಕೈಗೆ ಬೆಲ್ಲ ನೀರು ಕೊಟ್ಟು, ಹಿಂಬಾಗಿಲಿನಿಂದ ಓಡಿ ನಮ್ಮ ಮನೆಯ ಏಣಿ ಹೊತ್ತುಕೊಂಡು ಹೋಗುತ್ತಾನೆ. ನಾನು ಅವನ ನೆರೆಯವ. ನನ್ನ ಏಣಿ ಈ ಊರಲ್ಲಿ ದೇರಣ್ಣನ ಏಣಿ ಎಂದೇ ಪ್ರಸಿದ್ಧ. ಈ ಬಗ್ಗೆ ನನಗೆ ಸಿಟ್ಟು ಇದೆ, ಮುಚ್ಚಿಡುವುದಿಲ್ಲ.

ಅರಂತೋಡಿನ ಮುಖ್ಯರಸ್ತೆ ಬಿಟ್ಟು ಒಳಗೆ ಬಂದರೆ ನಮ್ಮ ಊರು. ಮೊಬೈಲಿಗೆ ರೇಂಜ್ ಸಿಗುವುದು ರಬ್ಬರ್ ತೋಟದಾಚೆಯ ಗುಡ್ಡದ ತುದಿಯಲ್ಲಿ, ಒಂದು ಬಂಡೆಯ ಮೇಲೆ ಮಾತ್ರ. ದೇರಣ್ಣನ ಹೆಂಡತಿ ಸೇವಂತಿ ದಿನಾ ಸಂಜೆ ಆ ಗುಡ್ಡ ಹತ್ತುತ್ತಿದ್ದಳು. ಅವಳದು ಹೂವಿನ ಗಿಡದ ವ್ಯಾಪಾರ. ಹಗಲು ದಾಸವಾಳ, ಆಂಥೂರಿಯಂಗಳ ಫೋಟೊ ತೆಗೆದು, ಸಂಜೆ ಬಂಡೆಯ ಮೇಲೆ ಕೂತು ವಾಟ್ಸಾಪ್ ಗ್ರೂಪಿಗೆ ಹಾಕುವಳು. ಸುಳ್ಯ, ಪುತ್ತೂರು, ಕಡಬದಿಂದ ಕೇಳಿದವರಿಗೆ ಮರುದಿನ ಬಸ್ಸಿನಲ್ಲಿ ಗಿಡ ಹೋಗುತ್ತಿತ್ತು. ದೇರಣ್ಣನ ಲೆಕ್ಕದಲ್ಲಿ ಇದು ಹೊತ್ತು ಹೋಗಲಿಕ್ಕೆ ಮಾಡುವ ಕೆಲಸ.

ಕಳೆದ ವರ್ಷ ಒಂದು ಮೊಬೈಲ್ ಕಂಪೆನಿಯ ಪರವಾಗಿ ತನ್ಮಯೀ ಎಂಬ ಹುಡುಗಿ ಸಮೀಕ್ಷೆಗೆ ಬಂದಳು. ಮನೆ ಹೇಗಿದೆ, ನೆಟ್ ಎಷ್ಟು ಬಳಸುತ್ತೀರಿ, ಏನೇನು ಕೊಂಡುಕೊಳ್ಳುತ್ತೀರಿ ಎಂಬ ಪ್ರಶ್ನೆಗಳು. ದೇರಣ್ಣ ಬೆಲ್ಲ ನೀರು ಕೊಟ್ಟ. ಆಮೇಲೆ ಎಲ್ಲದಕ್ಕೂ ಉಂಟು ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆ. ದಾರಿ ತೋರಿಸುತ್ತೇನೆಂದು ಅವಳ ಜೊತೆ ಮನೆಮನೆಗೆ ಹೋದ. ಪರವೂರಿನ ಹುಡುಗಿಯ ಎದುರು ಊರಿನ ಮಾನ ಹೋಗಬಾರದಲ್ಲ! ಮನೆಯವರು ಬಾಯಿ ತೆಗೆಯುವ ಮೊದಲೇ ಉತ್ತರ ಇವನದು. ಬೀಗ ಹಾಕಿದ ಮನೆಗಳಿಗೆ ಇನ್ನಷ್ಟು ಧಾರಾಳವಾಗಿ ಬರೆಸಿದ. ನನ್ನ ಮನೆಗೆ ಆ ದಿನ ಬೀಗ ಇತ್ತು.

ಸಮೀಕ್ಷೆಯ ಫಲಿತಾಂಶ ಪತ್ರಿಕೆಯಲ್ಲಿ ಬಂತು. ನಮ್ಮ ಊರಲ್ಲಿ ಮನೆಗಿಂತ ಕಾರು ಹೆಚ್ಚು. ಪ್ರತಿ ಮನೆಯಲ್ಲೂ ಭರ್ತಿ ನೆಟ್, ಎಸಿ. ಅಕ್ಕಿಯನ್ನೂ ಆನ್‌ಲೈನಿನಲ್ಲಿ ತರಿಸುತ್ತೇವೆ. ನನ್ನ ಮನೆಯಲ್ಲಿ ಎಸಿ ಇರುವುದು ನನಗೂ ಆಗಲೇ ಗೊತ್ತಾಯಿತು. ದೇರಣ್ಣ ಆ ಸುದ್ದಿಯನ್ನು ಹಾಲಿನ ಸೊಸೈಟಿಯ ಗೋಡೆಗೆ ಅಂಟಿಸಿದ.

ಮಳೆಗಾಲದಲ್ಲಿ ಸೇವಂತಿ ಆ ಬಂಡೆಯಿಂದ ಜಾರಿ ಬಿದ್ದಳು. ಕಾಲಿನ ಎಲುಬು ಮುರಿಯಿತು; ರಬ್ಬರ್ ತೋಟದ ಕೆಲಸದವರು ಹೊತ್ತು ಕೆಳಗೆ ತಂದರು. ಆಪರೇಷನ್ ಆಗಿ, ರಾಡು ಹಾಕಿಸಿಕೊಂಡು ಮನೆಯಲ್ಲಿ ಮಲಗಿದಳು. ಆಸ್ಪತ್ರೆಗೆ ಒಯ್ಯುವ ಗಡಿಬಿಡಿಯಲ್ಲಿ ಮನೆಯಲ್ಲೇ ಉಳಿದಿದ್ದ ಫೋನನ್ನು ಈಗ ಕಿಟಕಿಯ ದಂಡೆಯಲ್ಲೇ ಇಡಿಸಿಕೊಂಡಿದ್ದಳು. ಗಾಳಿ ಬಂದರೆ ಒಂದು ಗೆರೆ ರೇಂಜ್ ಬರಬಹುದೆಂಬ ಆಸೆ. ಗಿಡಗಳು ಹೂಬಿಟ್ಟು ಉದುರುತ್ತಿದ್ದವು. ಇಷ್ಟು ವರ್ಷ ಕಷ್ಟಪಟ್ಟು ಕಟ್ಟಿದ ವ್ಯಾಪಾರ ಹೋಯಿತು, ಗಿರಾಕಿಗಳು ಬೇರೆಯವರನ್ನು ಹಿಡಿದಿರುತ್ತಾರೆ ಎಂದು ನನ್ನ ಹೆಂಡತಿಯ ಹತ್ತಿರ ಹೇಳಿದಳಂತೆ. ಕೇಳಿ ನನಗೆ ಸಂಕಟವಾಯಿತು.

ಊರಿಗೊಂದು ಟವರ್ ಕೊಡಿ ಎಂದು ಅದೇ ಕಂಪೆನಿಗೆ ಬರೆದೆವು. ಉತ್ತರ ಬೇಗ ಬಂತು. ನಿಮ್ಮ ಊರಲ್ಲಿ ಪ್ರತಿ ಮನೆಯಲ್ಲೂ ನೆಟ್ ಚೆನ್ನಾಗಿ ಸಿಗುತ್ತದೆ ಎಂದು ಸಮೀಕ್ಷೆ ಹೇಳಿದೆ, ಟವರ್ ಅಗತ್ಯವಿಲ್ಲ. ಆ ದಿನ ಗೋಡೆಯ ಸುದ್ದಿಯನ್ನು ದೇರಣ್ಣನೇ ಕಿತ್ತ.

ಇಷ್ಟು ಕಾರು ಇರುವ ಊರಿಗೆ ಸರಿಯಾದ ರಸ್ತೆಯೇ ಇಲ್ಲದ್ದು ನೋಡಿ ಕಂಪೆನಿಯವರಿಗೂ ಸಂಶಯ ಬಂದಿರಬೇಕು. ಮರುಪರಿಶೀಲನೆಗೆ ತನ್ಮಯೀ ಮತ್ತೆ ಬಂದಳು. ನಾನೂ ಜಗಲಿಯಲ್ಲಿದ್ದೆ. ದೇರಣ್ಣ ಬೆಲ್ಲ ನೀರು ಕೊಟ್ಟು ಕೈಕಟ್ಟಿ ನಿಂತ.

“ಅಂಕಲ್, ಮನೆಯೊಳಗೆ ನೆಟ್ ಸಿಗ್ತದಾ?”

ಅವನು ಒಳಗೆ ನೋಡಿದ. ಸೇವಂತಿ ದಿಂಬಿಗೆ ಒರಗಿ ಇವನನ್ನೇ ನೋಡುತ್ತಿದ್ದಳು. ಅವನು ಕಟ್ಟಿದ ಕೈ ಬಿಚ್ಚಿದ.

“ಇಲ್ಲ ಮೇಡಮ್.”

ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಿಕ್ಕೆ ಆಗಲಿಲ್ಲ. “ಕಾರಿಲ್ಲ. ವಾಷಿಂಗ್ ಮೆಷಿನ್ ಇಲ್ಲ. ಇವರ ಮನೆಯಲ್ಲಿ ಎಸಿಯೂ ಇಲ್ಲ. ಅದೆಲ್ಲ ನಾನು ಸುಮ್ಮನೆ ಬರೆಸಿದ್ದು. ಏಣಿ ಸಹ ನಮ್ಮದಲ್ಲ.”

ಏಣಿಯ ಬಗ್ಗೆ ಅವಳು ಕೇಳಿರಲಿಲ್ಲ.

ಬರೆದದ್ದನ್ನು ಕಳಿಸಲಿಕ್ಕೆ ತನ್ಮಯೀಗೂ ನೆಟ್ ಬೇಕಲ್ಲ. ಗುಡ್ಡಕ್ಕೆ ದಾರಿ ತೋರಿಸಲು ದೇರಣ್ಣ ಹೊರಟ. ಹೊರಡುವಾಗ ಕಿಟಕಿಯಲ್ಲಿದ್ದ ಸೇವಂತಿಯ ಫೋನನ್ನೂ ಕಿಸೆಗೆ ಹಾಕಿಕೊಂಡ. ಮೂವರೂ ಹತ್ತಿದೆವು. ಅವನು ಆ ಬಂಡೆಗೆ ಹತ್ತಿದ್ದು ಅದೇ ಮೊದಲು, ಅರ್ಧದಲ್ಲೇ ಏದುಸಿರು. “ಇದನ್ನು ಅವಳು ದಿನಾ ಹತ್ತುದಾ?” ಎಂದ. ನಾನು ಮುಂದೆ ಹತ್ತಿದೆ. ಉತ್ತರ ಕೊಟ್ಟಿದ್ದರೆ ಬೈಗುಳವೇ ಬರುತ್ತಿತ್ತು.

ಮೇಲೆ ಮುಟ್ಟಿದ್ದೇ ಫೋನ್ ಕಿಸೆಯೊಳಗೆ ಗುಯ್ಗುಡತೊಡಗಿತು. ನಿಲ್ಲಲೇ ಇಲ್ಲ. ದೇರಣ್ಣ ಕನ್ನಡಕ ಹಾಕಿ ಒಂದೊಂದೇ ಮೆಸೇಜ್ ಓದಿದ.

“ಇವರೆಲ್ಲ ಯಾರು ಮಾರಾಯ?”

“ಅವಳ ಗಿರಾಕಿಗಳು.”

“ಇಷ್ಟು ಜನವಾ?”

ತನ್ಮಯೀ ತನ್ನ ಕೆಲಸ ಮುಗಿಸಿ ಇಳಿದಳು. ಅವನು ಕತ್ತಲಾಗುವವರೆಗೆ ಅಲ್ಲೇ ಕೂತ.

ಕೆಳಗೆ ಬಂದಾಗ ಸೇವಂತಿ ಮೊದಲು ಕೇಳಿದ್ದು ಟವರಿನ ವಿಷಯ ಅಲ್ಲ. “ಗ್ರೂಪಿನವರು ನನ್ನನ್ನು ಮರೆತಿರಬೇಕಲ್ಲಾ?”

ದೇರಣ್ಣ ಮಂಚದ ಬದಿಯಲ್ಲಿ ಕೂತು ಫೋನ್ ತೆರೆದು ಓದಿದ. “ಸೇವಂತಿಯಕ್ಕಾ, ಎಂತಾಯ್ತು ನಿಮಗೆ? ಕೆಂಪು ಆಂಥೂರಿಯಂ ಬೇರೆಯವರ ಹತ್ತಿರ ತೆಗೊಂಡಿಲ್ಲ. ನೀವು ಹುಷಾರಾಗಿ ಬನ್ನಿ, ಎಷ್ಟು ದಿನ ಆದ್ರೂ ಕಾಯ್ತೇನೆ. ಕಡಬದ ದಮಯಂತಿ.”

ಎಲುಬು ಮುರಿದಾಗ ಅಳದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದೇರಣ್ಣ ಏನು ಮಾಡಬೇಕೆಂದು ತಿಳಿಯದೆ ನನ್ನ ಕಡೆ ನೋಡಿದ. ನಾನು ಮಾಡಿನ ಹಂಚಿನ ಕಡೆ ನೋಡಿದೆ.

“ಇನ್ನೊಮ್ಮೆ ಓದಿ,” ಎಂದಳು ಸೇವಂತಿ. ಅವನು ಮೊದಲಿನಿಂದ ಓದಿದ.