ವೀಸಾಕ್ಕೆ ಸೇರದ ತಮ್ಮ

ಊರಿನ ಹಲ್ಲಿನ ಡಾಕ್ಟರುಗಳೆಲ್ಲ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಅವಳೇನೂ ಡಾಕ್ಟರಲ್ಲ. ಅವರು ರೋಗಿಯ ಬಾಯಿಯಿಂದ ತೆಗೆದ ಅಚ್ಚು ಅವಳ ಲ್ಯಾಬಿಗೆ ಬರುತ್ತಿತ್ತು. ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಒಂದೊಂದಾಗಿ ಕೂರಿಸಿ, ಸೆಟ್ಟು ಮಾಡಿ ಕಳಿಸುವುದು ಅವಳ ಕೆಲಸ. ಬಸ್ಸಿನಲ್ಲಿ ಎದುರಿಗೆ ಕೂತವರು ಆಕಳಿಸಿದರೆ ಸಾಕು, ಅವಳ ಕಣ್ಣು ನೇರ ದವಡೆಗೆ ಹೋಗುತ್ತಿತ್ತು. ಮದುವೆಯ ಮಾತುಕತೆಯ ದಿನವೂ ಹಾಗೇ ಆಯಿತೆಂದು ಗಂಡ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ಸಂಬಳ ಎಷ್ಟು ಅಂತ ಕೇಳಲಿಲ್ಲವಂತೆ, ಬಾಯಿ ನೋಡಿ ಒಪ್ಪಿಕೊಂಡಳಂತೆ.

ಗಂಡ ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳ ಲಿಫ್ಟುಗಳನ್ನು ನೋಡಿಕೊಳ್ಳುವ ಗುತ್ತಿಗೆ ಹಿಡಿದು ಚೆನ್ನಾಗಿಯೇ ಸಂಪಾದಿಸಿದ್ದ. ಇಬ್ಬರ ದುಡಿಮೆಯಿಂದ ಒಂದು ಮನೆ, ಪೇಟೆಯ ಕಟ್ಟಡವೊಂದರ ಮಹಡಿಯಲ್ಲಿ ಲ್ಯಾಬು, ಬ್ಯಾಂಕಿನಲ್ಲಿ ಒಂದಿಷ್ಟು ಗಂಟು ಆಗಿತ್ತು.

ಲ್ಯಾಬಿನಲ್ಲಿ ಎರಡು ಕೋಣೆ. ಮುಂದಿನದರಲ್ಲಿ ಉಜ್ಜುವ ಮೋಟಾರು, ಮೇಣ ಕರಗಿಸುವ ದೀಪ, ಕಿಟಕಿಗೆ ಎದುರಾಗಿ ಉದ್ದನೆಯ ಮೇಜು. ಹಿಂದಿನದರಲ್ಲಿ ಪ್ಲಾಸ್ಟರ್ ಚೀಲಗಳು ಮತ್ತು ದೊರೆ. ದೊರೆ ಅವಳ ತಮ್ಮ. ವಯಸ್ಸು ನಲವತ್ತು ದಾಟಿತ್ತು, ಬುದ್ಧಿ ಮಾತ್ರ ಎಳೆಯ ಮಗುವಿನಲ್ಲೇ ನಿಂತುಬಿಟ್ಟಿತ್ತು. ಚಿಕ್ಕಂದಿನಲ್ಲಿ ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂರುತ್ತಿದ್ದನೆಂದು ಅಪ್ಪ ಇಟ್ಟ ಹೆಸರು ಅದು. ಅಮ್ಮ ತೀರಿಕೊಂಡ ವಾರವೇ ಅಕ್ಕನ ಮನೆ ಸೇರಿದ. ಕೋರ್ಟು ಅವಳನ್ನೇ ಅವನ ಪೋಷಕಿ ಎಂದು ಮಾಡಿತ್ತು. ಪ್ಲಾಸ್ಟರ್ ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿ ಕೊಡುವುದು ಅವನ ಪಾಲಿನ ಕೆಲಸ. ಕೆಲವು ಸಲ ಮುರಿಯುತ್ತಿದ್ದ. ಮುರಿದಾಗ ಅದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದ. ಅಷ್ಟರಿಂದಲೇ ಅವಳಿಗೆ ಗೊತ್ತಾಗುತ್ತಿತ್ತು.

ಈ ಸಂಸಾರ ದೇಶ ಬಿಡುವ ಮಾತಿಗೆ ಬಂದದ್ದು ಮಗಳ ಉಬ್ಬಸದಿಂದ. ಊರು ಬೋಗುಣಿಯಂಥ ತಗ್ಗಿನಲ್ಲಿತ್ತು. ಸುತ್ತಲ ಕಾರ್ಖಾನೆಗಳ ಹೊಗೆ, ಲಾರಿಗಳು ಎಬ್ಬಿಸುವ ಧೂಳು ಚಳಿ ಶುರುವಾಯಿತೆಂದರೆ ಮೇಲೇಳದೆ ಮುಚ್ಚಳದ ಹಾಗೆ ಕೂರುತ್ತಿತ್ತು. ಹದಿನಾರರ ಹುಡುಗಿ ನಾಲ್ಕು ಮೆಟ್ಟಿಲು ಹತ್ತಿ ಕಂಬಿ ಹಿಡಿದು ನಿಲ್ಲುತ್ತಿದ್ದಳು. ಆ ವರ್ಷ ತುಟಿ ನೀಲಿಗಟ್ಟಿ, ಐಸಿಯುನಲ್ಲಿ ಕೊಳವೆ ಹಾಕಿಸಿಕೊಂಡು ಬದುಕಿ ಬಂದಳು. ಎದೆಯ ಡಾಕ್ಟರು ಅಪ್ಪ ಅಮ್ಮ ಇಬ್ಬರನ್ನೂ ಹೊರಗೆ ಕರೆದು, ಔಷಧಿಯಿಂದ ಮಾಡಬಹುದಾದದ್ದೆಲ್ಲ ಮಾಡಿಯಾಗಿದೆ, ಇವಳು ಈ ಗಾಳಿಯಲ್ಲಿ ಇರಬಾರದು ಎಂದರು. ಬೇರೆ ಊರಿಗೆ ಹೋದರೆ ಎಂದು ಗಂಡ ಕೇಳಿದ. ಸುತ್ತಮುತ್ತಲ ಊರುಗಳ ಗಾಳಿಯೆಲ್ಲ ಒಂದೇ ಚಿಮಣಿಯದು, ಕೆಲಸ ಸಿಗುವಷ್ಟು ದೊಡ್ಡ ದೂರದ ಊರುಗಳಲ್ಲೂ ಇದೇ ಪಾಡು ಎಂದರು ಡಾಕ್ಟರು.

ಹಾಗೆ ಅವರು ವೀಸಾ ಏಜೆಂಟಳ ಕಚೇರಿಗೆ ಹೋದರು. ಗಾಜಿನ ಗೋಡೆಯ ಕೋಣೆ, ತಣ್ಣಗೆ ಏಸಿ. ಮೇಲೆ ಬರುವಾಗ ಲಿಫ್ಟು ಒಂದು ಕಡೆ ಜಗ್ಗಿದ್ದರಿಂದ ಗಂಡನ ಮುಖ ಆಗಲೇ ಸಪ್ಪಗಾಗಿತ್ತು. ತನ್ನ ಲಿಫ್ಟಿನ ಹಗ್ಗ ನೋಡದವಳು ನಮ್ಮ ಕಾಗದ ಏನು ನೋಡ್ತಾಳೆ ಎಂದು ಹೆಂಡತಿಯ ಕಿವಿಯಲ್ಲಿ ಗೊಣಗಿದ. ಹಲ್ಲಕ್ಕನಿಗೆ ಮಾತ್ರ ಏಜೆಂಟಳ ಮುಂದಿನ ಹಲ್ಲುಗಳ ಮೇಲೆ ಭರವಸೆ ಬಂತು. ಕೃತಕ ಹಲ್ಲೆಂದು ಯಾರಿಗೂ ತಿಳಿಯದಷ್ಟು ನಾಜೂಕಾಗಿ ಮಾಡಿಸಿಕೊಂಡಿದ್ದಳು.

ಏಜೆಂಟಳು ಎರಡು ದಾರಿ ಬಿಡಿಸಿ ಹೇಳಿದಳು. ಒಂದು, ಸಮುದ್ರದ ನಡುವಿನ ಸಣ್ಣ ದೇಶ. ಅಲ್ಲಿ ಒಂದು ಮನೆ ಕೊಂಡು ಮಾರದೆ ಇಟ್ಟುಕೊಂಡರೆ ಸಾಕು, ಕೆಲವೇ ತಿಂಗಳಲ್ಲಿ ವಾಸದ ಕಾರ್ಡು ಕೈಗೆ ಬರುತ್ತದೆ. ಸದಾ ಅಲ್ಲೇ ಇರಬೇಕೆಂದಿಲ್ಲ, ವರ್ಷಕ್ಕೊಂದು ಸಲ ಹೋಗಿ ಕೆಲ ದಿನ ಇದ್ದು ಬಂದರೆ ಕಾರ್ಡು ಉಳಿಯುತ್ತದೆ. ಗಂಡ, ಹೆಂಡತಿ, ಹದಿನೆಂಟು ತುಂಬದ ಮಕ್ಕಳು, ಇಷ್ಟೇ ಕುಟುಂಬ. ಎರಡನೆಯದು ಉತ್ತರದ ದೊಡ್ಡ ದೇಶ. ಅಲ್ಲಿ ಹಣ ಹಾಕಿ ಸ್ವಂತ ವ್ಯವಹಾರ ತೆರೆಯಬೇಕು, ಅಲ್ಲಿನವರಿಗೆ ಕೆಲಸ ಕೊಡಬೇಕು. ಅರ್ಜಿ ವರ್ಷಗಟ್ಟಲೆ ಎಳೆಯುತ್ತದೆ. ಅಲ್ಲಿ ಕೋರ್ಟು ಒಪ್ಪಿಸಿದ ತಮ್ಮನನ್ನೂ ಸೇರಿಸಬಹುದು, ಆದರೆ ಎಲ್ಲರಿಗೂ ವೈದ್ಯಕೀಯ ತಪಾಸಣೆ ಇದೆ. ಒಬ್ಬರು ಫೇಲಾದರೆ ಮನೆಮಂದಿಯೆಲ್ಲ ಫೇಲು.

"ಆ ದೊಡ್ಡ ದೇಶದ ಅರ್ಜಿಯಲ್ಲಿ ನಿಮ್ಮ ತಮ್ಮನನ್ನ ತೋರಿಸ್ಲೇಬೇಡಿ ಮೇಡಂ. ತುಂಬ ಜನ ಹಾಗೇ ಮಾಡ್ತಾರೆ," ಎಂದಳು ಏಜೆಂಟಳು, ದನಿ ತಗ್ಗಿಸಿ.

"ಆಮೇಲೆ ಕರೆಸ್ಕೊಳ್ಳೋಕೆ ಆಗುತ್ತಾ?" ಎಂದು ಹಲ್ಲಕ್ಕ ಕೇಳಿದಳು.

"ಇಲ್ಲ ಅಂತ ಬರೆದವರನ್ನ ಆಮೇಲೆ ಇದಾರೆ ಅನ್ನೋಕಾಗಲ್ಲ."

ಗಂಡ ಕೆಟ್ಟವನಲ್ಲ. ದೊರೆಯ ಗಡ್ಡ ತೆಗೆಯುತ್ತಿದ್ದವನು, ದೊರೆಗೆ ಜ್ವರ ಬಂದರೆ ಕೆಲಸ ಬಿಟ್ಟು ಬರುತ್ತಿದ್ದವನು ಅವನೇ. ಆದರೆ ಐಸಿಯುನ ಬಾಗಿಲಲ್ಲಿ ಕಳೆದ ದಿನಗಳು ಅವನನ್ನು ಒಣಗಿಸಿಬಿಟ್ಟಿದ್ದವು. ಮೊದಲ ದಾರಿಯೇ ಸರಿ ಎಂದು ಹಟ ಹಿಡಿದ. ದೊಡ್ಡ ದೇಶದ ಉತ್ತರ ಬರುವಷ್ಟರಲ್ಲಿ ಹುಡುಗಿಗೆ ಹದಿನೆಂಟು ತುಂಬಿದರೆ ಅವಳನ್ನೂ ಕುಟುಂಬದಿಂದ ಹೊರಗೆ ಹಾಕುತ್ತಾರೆ, ಅಷ್ಟರೊಳಗೆ ಇನ್ನೊಂದು ಚಳಿಗಾಲ ತಡೆಯುತ್ತಾಳೋ ಇಲ್ಲವೋ ಎಂದ. ದೊರೆಗೆ ಒಳ್ಳೆಯ ಆರೈಕೆ ಮನೆ ನೋಡೋಣ, ನೀನು ಬಂದು ಹೋಗುತ್ತಾ ಇರು ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಆರೈಕೆ ಮನೆಯನ್ನೂ ನೋಡಿಬಂದಳು. ಬಯ್ಯಲು ಕಾರಣವೇ ಸಿಗಲಿಲ್ಲ. ಒರೆಸಿದ ನೆಲ, ಬಿಳಿ ಹೊದಿಕೆ, ಮೆತ್ತಗೆ ಮಾತಾಡುವ ಮೇಲ್ವಿಚಾರಕಿ. ದೊಡ್ಡ ಕೋಣೆಯಲ್ಲಿ ಟಿವಿಯ ಮುಂದೆ ಹತ್ತು ಹನ್ನೆರಡು ಮಂದಿ ಕೂತಿದ್ದರು. ಒಬ್ಬ ಹೆಂಗಸು ಎದ್ದು ಬಂದು ಹಲ್ಲಕ್ಕನ ಸೆರಗಿನ ತುದಿ ಹಿಡಿದಳು, ಏನೂ ಕೇಳಲಿಲ್ಲ, ಹಿಡಿದುಕೊಂಡೇ ಬಾಗಿಲವರೆಗೂ ಬಂದಳು. ಮೇಲ್ವಿಚಾರಕಿ ನಾಜೂಕಾಗಿ ಬೆರಳು ಬಿಡಿಸಿದಳು. ಅಲ್ಲಿಂದ ಲ್ಯಾಬಿಗೆ ನಡೆದೇ ಬಂದಳು ಹಲ್ಲಕ್ಕ. ಬಸ್ಸು ಹತ್ತಬೇಕೆಂಬುದೂ ನೆನಪಾಗಲಿಲ್ಲ.

ಮಗಳು ಮಾವನನ್ನು ಬಿಟ್ಟು ಹೋಗುವುದಿಲ್ಲ ಎಂದಿದ್ದರೆ ಹಲ್ಲಕ್ಕನಿಗೆ ಹಗುರಾಗುತ್ತಿತ್ತೋ ಏನೋ. ಹುಡುಗಿ ಹಾಗೆ ಹೇಳಲಿಲ್ಲ. ಔಷಧಿಯ ಹಬೆ ಕೊಡುವ ನೆಬ್ಯುಲೈಸರನ್ನು ಮೂಗಿಗೆ ಹಿಡಿದು ಕೂತವಳು ಅದನ್ನು ಸರಿಸಿ ಅಮ್ಮನ ಮುಖ ನೋಡದೆ ಹೇಳಿದಳು:

"ಮಾವ ಅಂದ್ರೆ ನಂಗಿಷ್ಟ ಇಲ್ಲ ಅಂತಲ್ಲಮ್ಮ. ಆದ್ರೆ ನಾನು ಉಸಿರಾಡ್ಬೇಕು."

ಅಮ್ಮ ಅವಳ ತಲೆ ಸವರಿ ಒಳಗೆ ಹೋದಳು. ಮಾರನೆಯ ದಿನ ಬೆಳಿಗ್ಗೆ ಗಂಡನಿಗೆ, ಸಣ್ಣ ದೇಶಕ್ಕೇ ಹಾಕಿ, ಮುಖ್ಯ ಅರ್ಜಿದಾರರು ನೀವಾಗಿ ಎಂದಳು. ದೊರೆ ವಿಷಯ ಏನು ಮಾಡಿದೆ ಎಂದು ಅವನು ಕೇಳಿದ. ನೋಡ್ತೀನಿ ಎಂದಳು. ನೋಡ್ತೀನಿ ಅಂದರೆ ಆರೈಕೆ ಮನೆ ಎಂದು ಅವನು ಅರ್ಥ ಮಾಡಿಕೊಂಡ. ಅವಳು ತಿದ್ದಲಿಲ್ಲ.

ಇಲ್ಲಿನ ಮನೆ ಮಾರಿ ಅಲ್ಲಿ ಸಮುದ್ರದ ದಂಡೆಯಲ್ಲಿ ಒಂದು ಮನೆ ಕೊಂಡರು. ದುಡ್ಡು ಎಲ್ಲಿಂದ ಬಂತೆಂದು ಕೇಳಿದ್ದಕ್ಕೆಲ್ಲ ಪುರಾವೆ ಒದಗಿಸಿ, ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದರು. ಕಾರ್ಡುಗಳು ಬಂದಾಗ ಚಳಿಗಾಲ ಬಾಗಿಲಲ್ಲಿತ್ತು. ಲ್ಯಾಬಿನ ಬಾಕಿ ಕೆಲಸ ಮುಗಿಸಿ ಬರುತ್ತೇನೆಂದು ಅವಳು ಇಬ್ಬರನ್ನೂ ಮುಂದೆ ಕಳಿಸಿದಳು. ಪ್ಲಾಸ್ಟರ್ ಚೀಲಗಳನ್ನು ಒತ್ತಟ್ಟಿಗೆ ಸರಿಸಿ ಹಿಂದಿನ ಕೋಣೆಯಲ್ಲಿ ಎರಡು ಮಂಚ ಹಾಕಿಸಿದಳು. ದೊರೆಗೆ ಹೊಸ ಮನೆ ಹಿಡಿಸಿತು. ಕೆಲಸದ ಜಾಗದಲ್ಲೇ ಮಲಗಬಹುದೆಂಬುದು ಅವನಿಗೆ ಯಾರೋ ಕೊಟ್ಟ ಬಹುಮಾನದಂತಿತ್ತು.

ಅಲ್ಲಿಂದ ಮಗಳ ದನಿ ಬದಲಾಗುತ್ತ ಬಂತು. ಮೊದಲೆಲ್ಲ ಅರ್ಧ ವಾಕ್ಯಕ್ಕೊಮ್ಮೆ ನಿಂತು ಮಾತಾಡುತ್ತಿದ್ದವಳು ಈಗ ಫೋನಿನಲ್ಲಿ ಒಂದೇ ಉಸಿರಿಗೆ ಶಾಲೆ, ಗೆಳತಿಯರು, ಸಮುದ್ರದ ದಂಡೆ ಎಂದು ಸುರಿಸಿಬಿಡುತ್ತಿದ್ದಳು. ಈಜು ಕಲಿತಳು. ಗಂಡನಿಗೆ ಅಷ್ಟು ಸಲೀಸಾಗಲಿಲ್ಲ. ಇಲ್ಲಿ ಹತ್ತು ಜನಕ್ಕೆ ಕೆಲಸ ಹೇಳುತ್ತಿದ್ದವನು ಅಲ್ಲಿ ಹೋಟೆಲೊಂದರಲ್ಲಿ ಲಿಫ್ಟು, ಪಂಪು, ನಲ್ಲಿ ಎಲ್ಲ ನೋಡುವ ನೌಕರನಾದ. ಅದನ್ನು ತಮಾಷೆಯಾಗಿಯೇ ಹೇಳಿದ. ಎರಡೇ ಮಹಡಿಯ ಹೋಟೆಲಂತೆ, ಅದಕ್ಕೊಂದು ಲಿಫ್ಟಂತೆ.

ವರ್ಷ ತುಂಬುವ ಮೊದಲು ಕಾರ್ಡು ಉಳಿಸಿಕೊಳ್ಳಲು ಅವಳು ಹೊರಟಳು. ದೊರೆಯನ್ನು ಅದೇ ಆರೈಕೆ ಮನೆಯಲ್ಲಿ ಬಿಟ್ಟಳು. ವಿಮಾನ ನಿಲ್ದಾಣದಲ್ಲಿ ಮಗಳು ಓಡಿ ಬಂದದ್ದನ್ನು ನೋಡಿ, ಓಡಬೇಡ ಎಂದು ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು. ಹುಡುಗಿ ಏದುಸಿರಿಲ್ಲದೆ ಎದುರಿಗೆ ನಿಂತಿದ್ದಳು. ಆ ಮೂರು ದಿನ ಹಲ್ಲಕ್ಕ ಜೀವಮಾನದಲ್ಲಿ ನಗದಷ್ಟು ನಕ್ಕಳು. ನಾಲ್ಕನೆಯ ದಿನ ಮೇಲ್ವಿಚಾರಕಿಯ ಫೋನು ಬಂತು. ದೊರೆ ತುತ್ತು ಬಾಯಿಗಿಟ್ಟಿಲ್ಲ, ಗೋಡೆ ಕಡೆ ತಿರುಗಿ ನಿಂತವನು ಕೂರುತ್ತಲೇ ಇಲ್ಲ, ಕಾಲು ಊದಿದೆ, ಡ್ರಿಪ್ ಹಾಕಿಸಿದ್ದೇವೆ. ತಾನೇ ಏನೋ ಮುರಿದೆ, ಅದಕ್ಕೇ ಅಕ್ಕ ಬಿಟ್ಟುಹೋದಳು ಎಂದು ದೊರೆ ತಿಳಿದುಕೊಂಡನೋ ಏನೋ ಎನ್ನಿಸಿತು ಅವಳಿಗೆ. ಸಿಕ್ಕಿದ ವಿಮಾನ ಹತ್ತಿದಳು. ಕಾರ್ಡಿಗೆ ಬೇಕಾದ ದಿನಗಳು ತುಂಬಿರಲಿಲ್ಲ.

ಅವತ್ತು ಅವಳು ಹೊರಡುವಾಗ ಗಂಡ ಮೊದಲ ಸಲ ಸಿಟ್ಟಾದ. ಬಾಗಿಲಲ್ಲಿ ಅವಳ ಪೆಟ್ಟಿಗೆ ಹಿಡಿದು ನಿಂತು ಹೇಳಿದ: "ಅವನಿಗೆ ನೀನೊಬ್ಬಳೇ ಇರೋದು, ಒಪ್ತೀನಿ. ನಮಗೆ ಎಷ್ಟು ಜನ ಇದಾರೆ ಅಂದ್ಕೊಂಡಿದೀಯ?"

ಪೆಟ್ಟಿಗೆಯನ್ನು ಅವನೇ ಟ್ಯಾಕ್ಸಿಗೆ ತುಂಬಿದ.

ಅವಳ ಕಾರ್ಡು ರದ್ದಾಯಿತು; ಮುಖ್ಯ ಅರ್ಜಿದಾರ ಗಂಡನಾದ್ದರಿಂದ ಉಳಿದಿಬ್ಬರ ಕಾರ್ಡು ಉಳಿಯಿತು. ಉತ್ತರದ ದೇಶದ ದಾರಿಯನ್ನು ಅವಳು ಒಬ್ಬಳೇ ಹೋಗಿ ಮತ್ತೊಮ್ಮೆ ವಿಚಾರಿಸಿದಳು, ದೊರೆಯನ್ನು ತೋರಿಸಿಯೇ ಅರ್ಜಿ ಹಾಕಿದರೆ ಎಂದು. ಏಜೆಂಟಳು ಈ ಸಲ ನೇರವಾಗಿ, ಹಾಕುವಷ್ಟು ಹಣ ಈಗ ನಿಮ್ಮಲ್ಲಿ ಎಲ್ಲಿದೆ ಮೇಡಂ ಎಂದಳು. ಅದು ಸಮುದ್ರದ ದಂಡೆಯ ಮನೆಯ ಗೋಡೆಗಳಲ್ಲಿ ಕೂತಿತ್ತು. ಆ ಮನೆ ಮಾರಿದರೆ ಮಗಳು ವಾಪಸು ಬರಬೇಕು.

ಎರಡನೆಯ ವರ್ಷ ರಜೆಗೆ ಮಗಳು ಬಂದಳು. ಗಾಳಿ ಚೆನ್ನಾಗಿರುವ ತಿಂಗಳೆಂದು ಲೆಕ್ಕ ಹಾಕಿ ಬಂದಿದ್ದಳು. ಎತ್ತರವಾಗಿದ್ದಳು, ಭುಜ ಅಗಲವಾಗಿತ್ತು. ಮಾವನ ಪಕ್ಕ ಕೂತು ಅಚ್ಚು ಬಿಡಿಸಿದಳು; ಅವನಿಗಿಂತ ಹೆಚ್ಚು ಮುರಿದಳು. ದೊರೆ ತುಂಡುಗಳನ್ನೆಲ್ಲ ತನ್ನ ಅಂಗಿಯೊಳಗೆ ತುಂಬಿಕೊಂಡು ಅವಳ ಪರವಾಗಿ ಗೋಡೆ ಕಡೆ ತಿರುಗಿ ನಿಂತ. ಮೂವರೂ ಬಿದ್ದು ಬಿದ್ದು ನಕ್ಕರು. ಆ ನಗುವಿನ ಕೊನೆಗೆ ಹುಡುಗಿಗೆ ಕೆಮ್ಮು ಬಂತು. ನಿಲ್ಲಲಿಲ್ಲ. ಪ್ಲಾಸ್ಟರಿನ ಪುಡಿಗೆ ಅಷ್ಟೇಮ್ಮ ಎಂದಳು. ಸಂಜೆಯ ಹೊತ್ತಿಗೆ ಉಸಿರೆಳೆದಾಗಲೆಲ್ಲ ಮಗಳ ಕತ್ತಿನ ಗುಳಿ ಒಳಗೆಳೆದುಕೊಳ್ಳುವುದು ಅಮ್ಮನ ಕಣ್ಣಿಗೆ ಬಿತ್ತು.

ಇನ್ನೂ ಎರಡು ವಾರ ಇರಬೇಕಿದ್ದವಳ ಟಿಕೆಟ್ಟನ್ನು ಹಲ್ಲಕ್ಕ ತಾನೇ ಮುಂಚಿನದಕ್ಕೆ ಬದಲಾಯಿಸಿದಳು. ಹುಡುಗಿ ಅತ್ತಳು, ಜಗಳವಾಡಿದಳು. ನೀನು ನಮ್ಮನ್ನ ಕಳಿಸೋದ್ರಲ್ಲೇ ಇದೀಯ ಎಂದುಬಿಟ್ಟಳು. ಅಮ್ಮ ಬಟ್ಟೆ ಮಡಚಿಡುತ್ತಲೇ ಇದ್ದಳು. ನಿಲ್ದಾಣದ ಗೇಟಿನಲ್ಲಿ ಮಗಳು ಹಿಂದಿರುಗಿ ಬಂದು ತಬ್ಬಿಕೊಂಡಳು, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಎರಡು ದಿನ ಬಿಟ್ಟು ಮಧ್ಯಾಹ್ನ ಗಂಡನ ಫೋನು ಬಂತು. ಅವಳು ಮೇಣದಲ್ಲಿ ಹಲ್ಲು ಕೂರಿಸುತ್ತಿದ್ದಳು. ಕೆಮ್ಮು ನಿಂತಿದೆ, ಬೆಳಿಗ್ಗೆ ಈಜಿಗೂ ಹೋಗಿದ್ದಳು ಎಂದ. ಹೋಟೆಲಿನವರು ತನ್ನನ್ನು ಕಾಯಂ ಮಾಡಿದ್ದಾರೆ, ಈ ವರ್ಷ ಬರಲು ರಜೆ ಸಿಗಲಿಕ್ಕಿಲ್ಲ ಎಂದ. ಅವಳು ಸರಿ ಎಂದಳು.

"ದೊರೆಗೆ ಗಡ್ಡ ಯಾರು ತೆಗೀತಾರೆ ಈಗ?" ಎಂದು ಕೇಳಿದ.

"ನಾನೇ."

"ಗದ್ದದ ಕೆಳಗೆ ನಿಧಾನ. ಅಲ್ಲಿ ಚರ್ಮ ಮಡಚಿರುತ್ತೆ. ಎಡಗೈಯಿಂದ ಎಳೆದು ಹಿಡ್ಕೊ."

"ಹೂಂ," ಎಂದಳು.

ಆರಿದ ಮೇಣವನ್ನು ಮತ್ತೆ ದೀಪಕ್ಕೆ ಹಿಡಿಯಬೇಕಾಯಿತು.