ಕಪ್ಪಂಚಿನ ಕಾಗದ

ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ನನ್ನ ಗಂಡನ ಅಜ್ಜಿ ಸುಂಕ್ಲಮ್ಮನನ್ನು ಎಲ್ಲರೂ ‘ಬಂದಾಕಿ’ ಎನ್ನುತ್ತಿದ್ದರು. ನಾನು ಸೊಸೆಯಾಗಿ ಬಂದಾಗ ಆಕೆಗೆ ಎಪ್ಪತ್ತು ದಾಟಿತ್ತು. ಮೊನ್ನೆ, ಹಂಪಿಯಲ್ಲಿ ಗೈಡಾಗಿರುವ ನನ್ನ ಮೊಮ್ಮಗಳು ಭವ್ಯ ಕೇಳಿದಳು: ‘ಎಲ್ಲಿಂದ ಬಂದಾಕಿ ಬೇ?’ ಅದಕ್ಕೇ ಬರೆಯುತ್ತಿದ್ದೇನೆ.

ನೂರು ವರ್ಷಕ್ಕೂ ಹಿಂದೆ, ಗಂಡ ಸತ್ತ ಶ್ರೀಮಂತ ದೊರೆಸಾನಿಯೊಬ್ಬಳು ಲೋಕ ಸುತ್ತುತ್ತಾ ಹಂಪಿಗೆ ಬಂದಳಂತೆ. ಕೊಡೆ ಹಿಡಿಯಲು ಹೋದ ಸುಂಕ್ಲಮ್ಮನೂ ವಿಧವೆ. ಮನಸ್ಸಿಗೆ ಹಿಡಿಸಿದಳೆಂದು ದೊರೆಸಾನಿ ಜೊತೆಗೇ ಕರೆದೊಯ್ದಳು. ಮೂರು ವರ್ಷದ ಮಗ ಉಚ್ಚೆಂಗೆಪ್ಪ, ಅಂದರೆ ನನ್ನ ಮಾವ, ತನ್ನ ಅಜ್ಜಿಯ ಬಳಿ ಊರಲ್ಲೇ ಉಳಿದ.

‘ಹಡಗಿನ್ಯಾಗ ತಿಂಗಳಗಟ್ಲೆ ಇದ್ವಿ. ಒಂದೂರಾಗ ಮ್ಯಾಲಿಂದ ಹಿಂಜಿದ ಹತ್ತಿ ಬಿತ್ತವ್ವ, ಮುಟ್ಟಿದ್ರ ನೀರು! ಊರೂರಾಗ ಅಕಿ ಟೋಪಿ ಕೊಂಡಳು, ನಾ ಹೊತ್ತೆ’ ಎಂದು ಸುಂಕ್ಲಮ್ಮ ನಗುತ್ತಿದ್ದಳು.

ತಾನು ಚೆನ್ನಾಗಿದ್ದೇನೆಂದು ಮನೆಗೆ ತಿಳಿಯಲಿ ಎಂದು ಕಾಡಿ ದೊರೆಸಾನಿಯಿಂದ ಒಂದು ಕಾಗದ ಬರೆಸಿದಳಂತೆ. ಅವರ ಸೀಮೆಯಲ್ಲಿ ಗಂಡ ಸತ್ತವರು ಬರೆಯುವ ಕಾಗದಕ್ಕೆ ಕಪ್ಪು ಅಂಚು. ನಮ್ಮಲ್ಲಿ ಕಾಗದಕ್ಕೆ ಕಪ್ಪು ಹಚ್ಚಿದ್ದರೆ ಸಾವಿನ ಸುದ್ದಿ. ಇಂಗ್ಲಿಷು ಬಲ್ಲವರಿಲ್ಲದ ಓಣಿ, ಅಂಚನ್ನಷ್ಟೇ ಓದಿತು. ಹೊಸ್ತಿಲಾಚೆ ಹರಿದೆಸೆದು, ತಲೆಗೆ ನೀರು ಹಾಕಿಕೊಂಡು, ಮಗುವಿನ ತಲೆ ಬೋಳಿಸಿ ತಿಥಿ ಮಾಡಿಬಿಟ್ಟರು.

ಮರುವರ್ಷ ಆಕೆ ಬಾಗಿಲಲ್ಲಿ ನಿಂತಾಗ ಮಗ ಚೀರಿದನಂತೆ. ‘ನಮ್ಮವ್ವ ಸತ್ತಾಳ. ಇದ್ಯಾವುದೋ ಬಂದೈತಿ!’

ಆ ಅಂಜಿಕೆ ಹೋಗಲೇ ಇಲ್ಲ. ಐವತ್ತು ದಾಟಿದ ಮಾವ, ಆಕೆ ಬಚ್ಚಲಿನಿಂದ ನಡೆದುಹೋದ ಮೇಲೆ ಒದ್ದೆ ಹೆಜ್ಜೆಯ ಬೆರಳು ಹಿಂದುಮುಂದಾಗಿವೆಯೇ ಎಂದು ಬಗ್ಗಿ ನೋಡುವುದನ್ನು ನಾನೇ ಕಂಡಿದ್ದೇನೆ. ಮಹಾಲಯ ಅಮಾವಾಸ್ಯೆಗೆ ತಾಯಿಗೆಂದು ಎಡೆ ಇಡುತ್ತಿದ್ದರು. ಆ ತಾಯಿ ಪಡಸಾಲೆಯಲ್ಲಿ ಕುಳಿತು ನೋಡುತ್ತಿದ್ದಳು.

‘ಹೋಳಿಗಿಗೆ ತುಪ್ಪ ಕಮ್ಮಿ ಹಾಕ್ಯಾನ ನೋಡವ್ವ. ಸತ್ತಾಕಿ ಏನ್ ಕೇಳ್ತಾಳ ಅಂತ’ ಎಂದು ಒಮ್ಮೆ ನನಗೆ ಕಣ್ಣು ಮಿಟುಕಿಸಿದಳು. ಆಮೇಲೆ ಮೆಲ್ಲಗೆ, ‘ಒಂದ್ಸಲ ಅವ್ವ ಅಂದಿದ್ರ ಸಾಕಾಗಿತ್ತು.’

ನಾನು ಬಂದ ಎರಡನೇ ವರ್ಷ ಹಾಸಿಗೆ ಹಿಡಿದಳು. ಉಸಿರು ಎಳೆಯತೊಡಗಿದಾಗ ಮಾವನನ್ನು ಕರೆದೆ.

‘ಬರ್ರಿ ಮಾವಾ, ಬಾಯಾಗ ಒಂದ್ಹನಿ ನೀರು ಬಿಡ್ರಿ.’

ಬಂದರು. ಆದರೆ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನಿಂತರು. ಆಕೆಯನ್ನು ಕೇಳಿದರು:

‘ನಿನ್ನ ನಮ್ಮವ್ವ ಕಳಿಸ್ಯಾಳೇನು?’

ಆಕೆ ಕಣ್ಣು ತೆರೆದಳು. ನಾನೇ ನಿಮ್ಮವ್ವ ಎಂದಾಳು ಅಂದುಕೊಂಡೆ.

‘ಹೂಂನಪ್ಪಾ. ಅಕೀನ ಕಳಿಸ್ಯಾಳ. ಉಂಡಿಯಾ ಅಂತ ಕೇಳ್ಯಾಳ.’

ಮಾವ ನಮಗೆ ಬೆನ್ನು ಹಾಕಿ, ಖಾಲಿ ಓಣಿಯ ಕಡೆ ನೋಡುತ್ತಾ ‘ಅವ್ವಾ’ ಎಂದು ಕೂಗಿದರು. ಸಣ್ಣ ಹುಡುಗನ ದನಿ.

‘ಓ’ ಎಂದಳು ಆಕೆ, ಹಾಸಿಗೆಯಿಂದ.

ಮಾವ ತಿರುಗಲಿಲ್ಲ. ನೀರು ನಾನೇ ಬಿಟ್ಟೆ.